ಬೆಂಗಳೂರಲ್ಲಿ ಮೋಟೋಜಿಪಿ ತೋರಿಸುವ ಬಾರ್ ಹುಡುಕುವುದು ಹೀಗೆ

ಇಂದಿರಾನಗರ, ಕೋರಮಂಗಲದಲ್ಲಿ ಮೋಟೋಜಿಪಿ (ವಿಶ್ವ ಮಟ್ಟದ ಬೈಕ್ ರೇಸ್) ಲೈವ್ ಎಲ್ಲಿ ಸಿಗುತ್ತೆ ಅಂತ ಕೇಳಿದ್ದೀರಿ. ಹೆಸರಿಗಿಂತ ಸಮಯ ಮುಖ್ಯ ಸರ್. ಬೇಸಿಗೆಯ ಯುರೋಪ್ ರೇಸ್‌ಗಳು ಸಾಮಾನ್ಯವಾಗಿ ಭಾನುವಾರ ಸಂಜೆ 5:30ಕ್ಕೆ, ಶನಿವಾರದ ಸ್ಪ್ರಿಂಟ್ ಅಂದರೆ ಚಿಕ್ಕ ರೇಸ್ 6:30ಕ್ಕೆ. ಐಪಿಎಲ್ ಇದ್ದರೆ 3:30ರ ಪಂದ್ಯ ಏಳರವರೆಗೂ ಎಳೆಯುತ್ತೆ, ದೊಡ್ಡ ಸ್ಕ್ರೀನ್ ನಿಮಗೆ ಸಿಗೋದಿಲ್ಲ. ಮೂಲೆಯ ಟಿವಿ ಕೇಳಿ.

ಶುಕ್ರವಾರವೇ ಫೋನ್ ಮಾಡಿ ಮ್ಯಾನೇಜರ್ ಜೊತೆಗೇ ಮಾತಾಡಿ. 'ಸ್ಪೋರ್ಟ್ಸ್ ಹಾಕ್ತೀರಾ' ಅಂದರೆ ಎಲ್ಲರೂ ಹೂಂ ಅಂತಾರೆ. ಈ ಸೀಸನ್ ಮೋಟೋಜಿಪಿ ಬರುವ ಚಾನೆಲ್ ಅಥವಾ ಆ್ಯಪ್ ಹೆಸರು ಹೇಳಿ, ಚಂದಾ ಇದೆಯಾ ಅಂತಲೇ ಕೇಳಿ. ಬರೀ ಕೇಬಲ್ ಬಾಕ್ಸ್ ಇರುವ ಕಡೆ ಆ್ಯಪ್ ಓಡಲ್ಲ. ಆರೆಂಟು ಜನರ ಟೇಬಲ್ ಬುಕ್ ಮಾಡಿದರೆ ಕಾಮೆಂಟರಿ ಸೌಂಡೂ ಕೊಡುವ ಸಾಧ್ಯತೆ ಹೆಚ್ಚು. ಐದಕ್ಕೇ ಹೋಗಿ ಕೂತು ಚಾನೆಲ್ ಹಾಕಿಸಿಬಿಡಿ, ರೇಸ್ ಮುಗಿಯೋದು ಮುಕ್ಕಾಲು ಗಂಟೆಯೊಳಗೆ.

ಅಮೆರಿಕದ ಆಸ್ಟಿನ್ ರೇಸ್ ನಮಗೆ ನಡುರಾತ್ರಿ, ಅದನ್ನು ಮನೇಲೇ ನೋಡಿ.