ಬ್ಲೂ ಟಿಕ್ ಬಂತು, ಮಾತು ಬರಲಿಲ್ಲ

(ಗುರುತು ಸಿಗದಂತೆ ಊರು ಮತ್ತು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ತಾಯಿ, ಮಗ ಇಬ್ಬರೂ ಒಪ್ಪಿದ್ದಾರೆ.)

ಲಲಿತಮ್ಮ ಎಂದಿಟ್ಟುಕೊಳ್ಳಿ. ವಯಸ್ಸು 68, ತೀರ್ಥಹಳ್ಳಿ ಕಡೆಯವರು. ಯಜಮಾನರು ಹೋಗಿ ನಾಲ್ಕು ವರ್ಷವಾಗಿದೆ. ಒಬ್ಬನೇ ಮಗ, ಬೆಂಗಳೂರಿನಲ್ಲಿದ್ದಾನೆ. ಆರು ತಿಂಗಳಿಂದ ಇವರಿಗೆ ಸರಿಯಾಗಿ ನಿದ್ದೆಯಿಲ್ಲ. ಬಿಪಿ, ಥೈರಾಯ್ಡ್ ಎಲ್ಲ ನೋಡಿ ಏನೂ ಸಿಗದೆ, ಡಾಕ್ಟರೇ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಕಳಿಸಿದ್ದರು.

"ರಾತ್ರಿ ಎಚ್ಚರ ಆದರೆ ಏನು ಮಾಡ್ತೀರಿ?" ಎಂದೆ.

"ಏನಿಲ್ಲ ಮೇಡಂ, ಸುಮ್ನೆ ಫೋನ್ ನೋಡ್ತೀನಿ."

ಫೋನಿನಲ್ಲಿ ನೋಡುತ್ತಿದ್ದದ್ದು ವಾಟ್ಸಾಪಿನಲ್ಲಿ ಮಗನ ಲಾಸ್ಟ್ ಸೀನ್, ಅಂದರೆ ಅವನು ಕೊನೆಯ ಸಲ ಅಲ್ಲಿದ್ದ ಹೊತ್ತು. ರಾತ್ರಿ 1.40 ಎಂದಿದ್ದರೆ, ಇಷ್ಟು ಹೊತ್ತು ಯಾಕೆ ಎದ್ದಿದ್ದಾನೆ ಎಂಬ ಚಿಂತೆ. ಆನ್‌ಲೈನ್ ಎಂದಿದ್ದರೆ ಇನ್ನೊಂದು ಸಂಕಟ. "ಊರವರ ಹತ್ರ ಎಲ್ಲ ಮಾತಾಡೋಕೆ ಪುರುಸೊತ್ತಿದೆ, ಅಲ್ವಾ?"

ವಯಸ್ಸಾದವರ ಅನುಮಾನ ಎಂದು ನನಗೂ ಮೊದಲು ಅನ್ನಿಸಿತು. ತಪ್ಪು ನನ್ನದು. ಎರಡನೇ ಭೇಟಿಯಲ್ಲಿ ಜ್ವರದ ವಿಷಯ ಬಂತು.

ಲಲಿತಮ್ಮ ದಿನಾ ಬೆಳಗ್ಗೆ ಆರಕ್ಕೆ ಮಗನಿಗೆ ಗುಡ್ ಮಾರ್ನಿಂಗ್ ಚಿತ್ರ ಕಳಿಸುತ್ತಾರೆ. ಒಂದು ದಿನ ದಾಸವಾಳ, ಒಂದು ದಿನ ಗಣಪತಿ. ಮಳೆಗಾಲದಲ್ಲಿ ಜ್ವರ ಬಂದು ಮೂರು ದಿನ ಮಲಗಿದರು. ಚಿತ್ರ ಹೋಗಲಿಲ್ಲ. ಮಗ ಏನೂ ಕೇಳಲಿಲ್ಲ. ನಾಲ್ಕನೇ ದಿನ ಎದ್ದು ಮತ್ತೆ ಒಂದು ದಾಸವಾಳ ಕಳಿಸಿದರು. ರಾತ್ರಿ ಒಂಬತ್ತಕ್ಕೆ, ನೋಡಿದ್ದಾನೆ ಎನ್ನುವ ಬ್ಲೂ ಟಿಕ್ ಬಂತು. ಜೊತೆಗೊಂದು ಹೆಬ್ಬೆರಳು.

"ಬೆರಳು ತೋರಿಸ್ದ ಮೇಡಂ" ಎಂದು ಅತ್ತುಬಿಟ್ಟರು.

ಮಗನ ಜೊತೆ ನಾನು ಮಾತಾಡಿದ್ದು ವಿಡಿಯೊ ಕಾಲಿನಲ್ಲಿ. ನನ್ನ ಕೆಲಸವೂ ಈಗ ಅರ್ಧ ಇದರಲ್ಲೇ ನಡೆಯುತ್ತದೆ. ಕೆಟ್ಟವನಲ್ಲ, ಸುಸ್ತಾದವನು. "ದಿನಕ್ಕೆ ಹದಿನೈದು ಫಾರ್ವರ್ಡ್ ಬರುತ್ತೆ ಮೇಡಂ. ಅಮ್ಮನ ಚಾಟನ್ನ ಆರ್ಕೈವ್ ಮಾಡಿದ್ದೀನಿ. ಊಟ ಆದ್ಮೇಲೆ ಒಟ್ಟಿಗೇ ನೋಡ್ತೀನಿ" ಎಂದ. 2021ರಿಂದ ವಾಟ್ಸಾಪಿನಲ್ಲಿ ಆರ್ಕೈವ್ ಮಾಡಿದ ಚಾಟ್, ಹೊಸ ಮೆಸೇಜ್ ಬಂದರೂ ಮೇಲಕ್ಕೆ ಬರುವುದಿಲ್ಲ. ಬಂದದ್ದೇ ಕಾಣದಿದ್ದರೆ, ಬಾರದೇ ಇದ್ದದ್ದು ಹೇಗೆ ಕಾಣಬೇಕು?

"ಅಮ್ಮ ಆ ಚಿತ್ರ ಯಾಕೆ ಕಳಿಸ್ತಾರೆ?" ಎಂದು ಕೇಳಿದೆ.

"ಟೈಂಪಾಸ್‌ಗೆ."

ತಾಯಿಯ ಒಪ್ಪಿಗೆ ಪಡೆದೇ ಅವರ ಮಾತನ್ನು ದಾಟಿಸಿದೆ: "ಎದ್ದಿದ್ದೀನಿ ಅಂತ ಗೊತ್ತಾಗ್ಲಿ ಅಂತ." ಒಂಟಿ ಮನೆಯಿಂದ ಬರುವ ಹಾಜರಿ ಅದು. ಆ ಕಡೆಯಿಂದ ತುಂಬ ಹೊತ್ತು ಮಾತಿಲ್ಲ. ನೆಟ್ ಹೋಯಿತೇನೋ ಅಂದುಕೊಂಡೆ.

ಇದೇ ಮಗ 2003ರಲ್ಲಿ ದಾವಣಗೆರೆಯ ಹಾಸ್ಟೆಲ್ಲಿನಲ್ಲಿದ್ದ. ಭಾನುವಾರ ರಾತ್ರಿ ಎಸ್‌ಟಿಡಿ ಬೂತಿನಿಂದ ಪಕ್ಕದ ಮನೆಗೆ ಫೋನ್ ಮಾಡುತ್ತಿದ್ದ. ಆಗ ನಿದ್ದೆ ಬರುತ್ತಿತ್ತಾ ಎಂದು ಲಲಿತಮ್ಮನನ್ನು ಕೇಳಿದೆ. "ಬರ್ತಿತ್ತು. ಭಾನುವಾರ ಮಾಡ್ತಾನೆ ಅಂತ ಗೊತ್ತಿತ್ತಲ್ಲ." ಆರು ದಿನ ಮಾತಿಲ್ಲದಿದ್ದರೂ ಅದು ಮೌನ ಅನ್ನಿಸುತ್ತಿರಲಿಲ್ಲ. ಭಾನುವಾರ ಇನ್ನೂ ಬಂದಿಲ್ಲ, ಅಷ್ಟೇ. 2014ರ ನವೆಂಬರಿನಲ್ಲಿ ಬ್ಲೂ ಟಿಕ್ ಬಂತು. ಓದಿ ಸುಮ್ಮನಿದ್ದಾರೆ ಅನ್ನೋದು ಈಗ ಕಣ್ಣಿಗೇ ಕಾಣುತ್ತದೆ. ಪ್ರೀತಿ ಕಮ್ಮಿಯಾಗಿದೆಯೋ ಇಲ್ಲವೋ, ಮೌನಕ್ಕಂತೂ ಗಡಿಯಾರ ಕಟ್ಟಿದಂತಾಗಿದೆ.

ತಾಯಿಗೆ ಮೊದಲು ಹೇಳಿದ್ದು: ನಿಮ್ಮ ಲಾಸ್ಟ್ ಸೀನ್, ಆನ್‌ಲೈನ್ ಎರಡನ್ನೂ ಮುಚ್ಚಿಬಿಡಿ. ನಮ್ಮದನ್ನು ಮುಚ್ಚಿದರೆ ಬೇರೆಯವರದೂ ನಮಗೆ ಕಾಣುವುದಿಲ್ಲ. ಎರಡು ವಾರ ಒಪ್ಪಲಿಲ್ಲ. "ಅವನಿಗೆ ಏನಾದ್ರೂ ಆದ್ರೆ?" "ಆದರೆ ಫೋನ್ ಬರುತ್ತೆ, ಲಾಸ್ಟ್ ಸೀನ್ ಹೇಳೋದಿಲ್ಲ" ಎಂದೆ. ಕೊನೆಗೆ ನನ್ನೆದುರೇ ಮುಚ್ಚಿದರು. ಫಾರ್ವರ್ಡ್ ನಿಲ್ಲಿಸಿ, ದಿನಕ್ಕೊಂದು ಚಿತ್ರ ಸಾಕು ಎಂದೂ ಹೇಳಿದೆ. ಅದನ್ನು ಅರ್ಧ ಪಾಲಿಸುತ್ತಾರೆ.

ಮಗನಿಗೆ, ಅಮ್ಮನ ಚಾಟನ್ನು ಆರ್ಕೈವ್‌ನಿಂದ ತೆಗೆದು ಮೇಲೆ ಪಿನ್ ಮಾಡಿ, ಶಬ್ದ ಬೇಕಾದರೆ ಮ್ಯೂಟ್ ಇರಲಿ ಎಂದೆ. ಎಂಟು ಗಂಟೆಯಾದರೂ ಚಿತ್ರ ಕಾಣದಿದ್ದರೆ ಫೋನ್ ಮಾಡಬೇಕು. ದಿನಾ ಮಾಡ್ತೀನಿ ಎಂದು ಉತ್ಸಾಹದಲ್ಲಿ ಹೇಳಿದ. ನಾನೇ ಬೇಡ ಎಂದೆ. ದಿನಾ ಅನ್ನೋದು ಎರಡು ವಾರ ನಡೆಯುತ್ತದೆ, ಆಮೇಲೆ ತಪ್ಪಿದ ಪ್ರತಿ ದಿನವೂ ಹೊಸ ಗಾಯ. ಬುಧವಾರ ಸಂಜೆ, ಭಾನುವಾರ ಬೆಳಗ್ಗೆ ಎಂದು ಗೊತ್ತುಮಾಡಿದೆವು. ಬುಧವಾರದ್ದು ಕ್ಯಾಬ್‌ನಲ್ಲಿ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ. ಅಲ್ಲಿ ಸಮಯಕ್ಕೇನೂ ಬರವಿಲ್ಲ.

ಮೊದಲ ಕರೆ ಎರಡೇ ನಿಮಿಷ. ಊಟ ಆಯ್ತಾ, ಮಳೆ ಉಂಟಾ, ಫೋನ್ ಇಡ್ಲಾ. ಇಬ್ಬರಿಗೂ ಮಾತೇ ತಪ್ಪಿಹೋಗಿತ್ತು. ಅಮ್ಮನಿಗೆ ಗೊತ್ತಿರೋದನ್ನು, ನಿಮಗೆ ನಿಜವಾಗಿ ಬೇಕಿರೋದನ್ನು ಕೇಳಿ ಎಂದೆ. ಮುಂದಿನ ಭಾನುವಾರ ಅವನು ಕೆಸುವಿನೆಲೆಯ ಪತ್ರೊಡೆ ಮಾಡಹೊರಟು ಕೈ, ಗಂಟಲು ತುರಿಸಿಕೊಂಡು ಫೋನ್ ಮಾಡಿದ. "ಹುಳಿ ಹಾಕಿಲ್ವೇನೋ?" ಎಂದು ಶುರುವಾದದ್ದು ನಲವತ್ತು ನಿಮಿಷ ನಡೆಯಿತು.

ನಾಲ್ಕು ತಿಂಗಳಾಯಿತು. ನಿದ್ದೆ ಪೂರ್ತಿ ಬಂದಿಲ್ಲ, ನಾಲ್ಕರವರೆಗೆ ಬರುತ್ತದೆ. ಹೋದ ತಿಂಗಳು ಗಾಳಿಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋಗಿ ಚಿತ್ರ ಹೋಗಲಿಲ್ಲ. ಎಂಟೂ ಹತ್ತಕ್ಕೆ ಪಕ್ಕದ ಮನೆಯವರು ಕೊಡೆ ಹಿಡಿದು ಬಾಗಿಲಲ್ಲಿ ನಿಂತಿದ್ದರಂತೆ. ಅವರ ಮನೆಯಲ್ಲಿ ಈಗಲೂ ಲ್ಯಾಂಡ್‌ಲೈನ್ ಇದೆ. ಮಗ ಅದಕ್ಕೆ ಮಾಡಿದ್ದ.

"ಆ ಮಳೇಲಿ ಪಾಪ ಅವರನ್ನ ಓಡಿಸಿದ್ದಾನೆ ನೋಡಿ" ಎಂದು ಲಲಿತಮ್ಮ ಬೈದರು. ಒಂದೇ ಭೇಟಿಯಲ್ಲಿ ಮೂರು ಸಲ ಬೈದರು.