ಆರನೇ ತರಗತಿಗೆ ಕಾಂತದ ಪಾಠ ಮಾಡಲು ಯಾವ ಕಿಟ್ ತರಲಿ?

ಕಿಟ್ ತರಬೇಡಿ. ನಾನು ತಂದು ಅನುಭವಿಸಿದ್ದೇನೆ.

2014ರಲ್ಲಿ ತುಮಕೂರು ಕಡೆಯ ಒಂದು ಹಳ್ಳಿ ಶಾಲೆಯಲ್ಲಿದ್ದೆ. ಸ್ವಂತ ದುಡ್ಡಲ್ಲಿ ಆರು ದಂಡಕಾಂತ ತಂದೆ. ಒಂದು ತುದಿ ಕೆಂಪು, ಇನ್ನೊಂದು ನೀಲಿ. ಕೆಂಪು ಅಂದರೆ ಉತ್ತರ ಅಂತ ಪಾಠ ಮುಗಿಸಿ, ಆರನ್ನೂ ಬಿಸ್ಕತ್ ಡಬ್ಬಿಗೆ ಹಾಕಿಟ್ಟೆ. ಅದೇ ಡಬ್ಬಿಯಲ್ಲಿ ಹಳೇ ಸ್ಪೀಕರ್‌ನಿಂದ ಬಿಚ್ಚಿದ ಉಂಗುರದಂಥ ಕಾಂತವೂ ಇತ್ತು.

ಮುಂದಿನ ವರ್ಷ ಅವನ್ನೇ ತೆಗೆದು, ದಾರ ಕಟ್ಟಿ ತೂಗುಬಿಡಿ ಅಂತ ಮಕ್ಕಳಿಗೆ ಕೊಟ್ಟೆ. ಒಬ್ಬ ಹುಡುಗಿ, "ಸಾರ್, ಕೆಂಪು ತುದಿ ಅಡುಗೆ ಕೋಣೆ ಕಡೆ ನಿಲ್ತೈತೆ" ಅಂದಳು. ಬಿಸಿಯೂಟದ ಕೋಣೆ ಇದ್ದದ್ದು ದಕ್ಷಿಣಕ್ಕೆ. ನಾನು ಎದ್ದು ನೋಡಲೂ ಇಲ್ಲ. "ಪಕ್ಕದಲ್ಲಿ ಕಬ್ಬಿಣದ ಬೆಂಚಿದೆ, ದೂರ ಹೋಗಿ ಹಿಡಿ" ಅಂದೆ. ಮೂರು ಸಲ ಮಾಡಿದಳು. ಮೂರು ಸಲವೂ ಅಡುಗೆ ಕೋಣೆಯೇ. ಕೊನೆಗೆ ಸುಮ್ನೆ ಪುಸ್ತಕದಲ್ಲಿ 'ಉತ್ತರ' ಅಂತ ಬರೆದು ಕೂತಳು.

ಸಂಜೆ ನಾನೇ ಕಟ್ಟಿ ನೋಡಿದೆ. ಎರಡು ಕಾಂತಗಳ ಧ್ರುವ ಅದಲುಬದಲಾಗಿತ್ತು. ಇನ್ನೊಂದಕ್ಕೆ ಗುಂಡುಸೂಜಿ ಎತ್ತುವ ಶಕ್ತಿಯೂ ಉಳಿದಿರಲಿಲ್ಲ. ಅಗ್ಗದ ಉಕ್ಕಿನ ಕಾಂತಕ್ಕೆ ಬಲವಾದ ಕಾಂತ ತಾಗಿಕೊಂಡಿದ್ದರೆ ಹೀಗಾಗುತ್ತದೆ. ಬಿದ್ದರೂ, ಕಾಯ್ದರೂ ಶಕ್ತಿ ಕುಂದುತ್ತದೆ. ಎರಡೆರಡು ಜೋಡಿ ಮಾಡಿ, ಒಂದರ ಉತ್ತರದ ಪಕ್ಕ ಇನ್ನೊಂದರ ದಕ್ಷಿಣ ಬರುವಂತೆ ಇಡಬೇಕು. ನಡುವೆ ಮರದ ಪಟ್ಟಿ, ಎರಡೂ ಕೊನೆಗೆ ಮೆದು ಕಬ್ಬಿಣದ ತುಂಡು. ಇದನ್ನು ನಾನೇ ಎಷ್ಟೋ ಸಲ ಬೋರ್ಡ್ ಮೇಲೆ ಬರೆದಿದ್ದೆ. ಡಬ್ಬಿಗೆ ಹಾಕುವಾಗ ಮಾತ್ರ ನೆನಪಾಗಲಿಲ್ಲ. ತರಗತಿಗೆ ಹೋಗುವ ಮುಂಚೆ ಒಂದು ಸಲ ದಾರ ಕಟ್ಟಿ ನೋಡಿದ್ದರೂ ಸಾಕಿತ್ತು. ಬಣ್ಣ ನಂಬಿಕೊಂಡು, ಆ ಮಗು ಕಣ್ಣಾರೆ ಕಂಡದ್ದನ್ನೇ ಅಳಿಸಿಬಿಟ್ಟೆ. ಮರುದಿನ ಎಲ್ಲರೆದುರು ತಪ್ಪಾಯಿತು ಅಂದೆ. ಆದರೂ ಆ ವರ್ಷ ಪೂರ್ತಿ ಅವಳು ಒಂದು ಪ್ರಶ್ನೆ ಕೇಳಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಬಣ್ಣ ಬಳಿದ ಕಾಂತವೇ ಬೇಡ. ರೇಡಿಯೊ ರಿಪೇರಿ ಅಂಗಡಿಯಲ್ಲಿ ಕೆಟ್ಟ ಸ್ಪೀಕರ್ ಕೇಳಿ. ಅದರ ಕಾಂತದಿಂದ ಹೊಲಿಗೆ ಸೂಜಿಯನ್ನು ಒಂದೇ ದಿಕ್ಕಿಗೆ 30-40 ಸಲ ಉಜ್ಜಿಸಿ. ಸ್ಟೀಲ್ ತಟ್ಟೆ ಬೇಡ, ಪ್ಲಾಸ್ಟಿಕ್ ತಟ್ಟೆಯ ನೀರಲ್ಲಿ ಒಣಗಿದ ಎಲೆ ಮೇಲೆ ತೇಲಿಬಿಡಲಿ. 1 ರೂಪಾಯಿ ನಾಣ್ಯ ಕಾಂತಕ್ಕೆ ಅಂಟುತ್ತದೆ, ಹಿತ್ತಾಳೆ ಬಣ್ಣದ 5 ರೂಪಾಯಿ ಅಂಟುವುದಿಲ್ಲ. ಅದನ್ನೂ ಅವರೇ ಕಂಡುಕೊಳ್ಳಲಿ, ಮೊದಲೇ ಹೇಳಬೇಡಿ. ಬೆಳಗ್ಗೆ ಸೂರ್ಯನ ಕಡೆ ಮುಖ ಮಾಡಿ ನಿಂತರೆ ಎಡಗೈ ಹೆಚ್ಚುಕಡಿಮೆ ಉತ್ತರಕ್ಕಿರುತ್ತದೆ, ಅಲ್ವಾ? ಸೂಜಿಯ ಯಾವ ತುದಿ ಅತ್ತ ನಿಲ್ಲುತ್ತದೋ ಅದಕ್ಕೆ ಮಕ್ಕಳೇ ಉಗುರು ಬಣ್ಣ ಹಚ್ಚಲಿ. ನೀವು ಹಚ್ಚಿಕೊಡಬೇಡಿ.