ಬ್ರಿಟಿಷರ ‘ಬಾಲಕ್ಸ್’ ಪದದ ಅರ್ಥವೇನು? ಅದನ್ನು ನಾವೂ ಬಳಸಬಹುದೇ?

ಮ್ಯಾಂಚೆಸ್ಟರಿನ ಸಹೋದ್ಯೋಗಿಗಳು ಮಾತುಮಾತಿಗೂ ಆಡುವ ‘ಬಾಲಕ್ಸ್’ ಪದವನ್ನು ರೂಢಿಸಿಕೊಂಡರೆ ಅವರೊಡನೆ ಬೇಗ ಬೆರೆಯಬಹುದೇ ಎಂದು ಕೇಳಿದ್ದೀರಿ. ಲೀಡ್ಸ್‌ಗೆ ಹೋದ ಹೊಸತರಲ್ಲಿ ನಾನೂ ಹಾಗೆಯೇ ನಂಬಿದ್ದೆ.

ನಮ್ಮ ತಂಡದ ಹಿರಿಯರೊಬ್ಬರು ತಾವು ಸಿದ್ಧಪಡಿಸಿದ ವಿನ್ಯಾಸವನ್ನು ಗ್ರಾಹಕರ ಎದುರು ವಿವರಿಸಿದರು. ಅದು ನನಗೆ ನಿಜಕ್ಕೂ ಹಿಡಿಸಿತ್ತು. ಪಬ್ಬಿನಲ್ಲಿ ಯಾರೋ ಒಂದು ಬೈಕನ್ನು ‘ದ ಬಾಲಕ್ಸ್’ ಎಂದು ಹೊಗಳಿದ್ದು ನೆನಪಿನಲ್ಲಿದ್ದುದರಿಂದ, ತುಂಬಿದ ಸಭೆಯಲ್ಲಿ “ಯುವರ್ ಡಿಸೈನ್ ಈಸ್ ಬಾಲಕ್ಸ್” ಎಂದುಬಿಟ್ಟೆ. ‘ದ’ ಬಿಟ್ಟುಹೋಗಿತ್ತು. ಆ ಒಂದಕ್ಷರವಿದ್ದರೆ ‘ಅತ್ಯುತ್ತಮ’ ಎಂದರ್ಥ, ಇಲ್ಲದಿದ್ದರೆ ‘ಶುದ್ಧ ಬೊಗಳೆ’. ಕನ್ನಡದಲ್ಲಿ ನಾಮಪದದ ಹಿಂದೆ ಅಂತಹ ಪದವನ್ನು ಹಚ್ಚುವ ಕ್ರಮವಿಲ್ಲವಾದ್ದರಿಂದ ಇಂಗ್ಲಿಷ್ ಆಡುವಾಗಲೂ ನಾವು ಅದನ್ನು ನುಂಗಿಬಿಡುತ್ತೇವೆ. “ಕ್ಲೋಸ್ ಡೋರ್” ಎಂದರೆ ಕೇಳಿದವರು ತಪ್ಪನ್ನು ತಾವೇ ತಿದ್ದಿಕೊಂಡು ಬಾಗಿಲು ಹಾಕುತ್ತಾರೆ. ಇಲ್ಲಿ ಹಾಗಾಗುವುದಿಲ್ಲ, ಏಕೆಂದರೆ ‘ದ’ ಇಲ್ಲದ ವಾಕ್ಯವೂ ವ್ಯಾಕರಣಕ್ಕೆ ಸರಿಯಾಗಿಯೇ ಇದ್ದು, ತಿದ್ದಿಕೊಳ್ಳಬೇಕೆಂಬ ಅನುಮಾನವೇ ಯಾರಿಗೂ ಬರುವುದಿಲ್ಲ. ಆ ಹಿರಿಯರು ಬಹಿರಂಗವಾಗಿ ಅವಮಾನಿತರಾದರು. ನಾನು ಆಮೇಲೆ ಎಷ್ಟು ವಿವರಿಸಿದರೂ ಅದು ನೆಪದಂತೆ ಕೇಳಿಸಿತು, ಆ ಯೋಜನೆಯಿಂದ ನನ್ನನ್ನು ಕೈಬಿಟ್ಟರು.

ಪದದ ಮೂಲಾರ್ಥ ವೃಷಣಗಳು. ಹಳೆಯ ಇಂಗ್ಲಿಷಿನಿಂದ ಬಂದದ್ದು. ಒಂಟಿಯಾಗಿ ಉದ್ಗರಿಸಿದರೆ ‘ಛೇ, ಕೆಟ್ಟಿತು’ ಎಂಬ ಭಾವ, ‘ಬಾಲಕಿಂಗ್’ ಎಂದರೆ ಮೇಲಧಿಕಾರಿ ಮಾಡುವ ಮಂಗಳಾರತಿ, ‘ದ ಡಾಗ್ಸ್ ಬಾಲಕ್ಸ್’ ಎಂದರೆ ಅದಕ್ಕಿಂತ ಉತ್ತಮವಾದದ್ದಿಲ್ಲ ಎಂದು.

ಇದು ನಿರುಪದ್ರವಿ ಪದವೆಂದು ನಿಮಗೆ ಹಲವರು ಹೇಳುತ್ತಾರೆ. 1977ರಲ್ಲಿ ಸೆಕ್ಸ್ ಪಿಸ್ಟಲ್ಸ್ ತಂಡದ ಆಲ್ಬಂ ಹೆಸರಿನಲ್ಲಿ ಈ ಪದವಿದ್ದುದಕ್ಕೆ, ಅದನ್ನು ಪ್ರದರ್ಶನಕ್ಕಿಟ್ಟ ನಾಟಿಂಗ್‌ಹ್ಯಾಮಿನ ಅಂಗಡಿಯ ಮೇಲೆ ಅಸಭ್ಯ ಜಾಹೀರಾತುಗಳನ್ನು ತಡೆಯುವ 1889ರ ಕಾಯ್ದೆಯಡಿ ಮೊಕದ್ದಮೆ ಹೂಡಿ, ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಪದದ ಹಳೆಯ ಬಳಕೆಗಳ ಬಗ್ಗೆ ಸಾಕ್ಷ್ಯ ನುಡಿದ ಮೇಲೆ ಆರೋಪ ಬಿದ್ದುಹೋಯಿತು. 2019ರ ಯುರೋಪಿಯನ್ ಸಂಸತ್ತಿನ ಚುನಾವಣೆಯಲ್ಲಂತೂ ಲಿಬರಲ್ ಡೆಮಾಕ್ರಾಟ್ ಪಕ್ಷ ‘ಬಾಲಕ್ಸ್ ಟು ಬ್ರೆಕ್ಸಿಟ್’ (ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡುವುದಕ್ಕೆ ಧಿಕ್ಕಾರ) ಎಂಬುದನ್ನೇ ಘೋಷಣೆಯಾಗಿಸಿಕೊಂಡಿತು. ಆದರೂ ಇದನ್ನು ಯಾರ ಎದುರು, ಯಾವ ದನಿಯಲ್ಲಿ ಆಡಬಹುದೆಂಬ ಅಂದಾಜು ಅಲ್ಲಿಯವರಿಗೆ ಬಾಲ್ಯದಿಂದ ಬಂದದ್ದು, ಪಟ್ಟಿ ಓದಿ ಬರುವಂಥದ್ದಲ್ಲ.

ಬೈಗುಳ ಕಲಿತರೆ ಒಳಗಿನವರಾಗುತ್ತೇವೆಂಬ ನಿಮ್ಮ ಎಣಿಕೆಯನ್ನೇ ನಾನು ಒಪ್ಪುವುದಿಲ್ಲ. ಕೇಳಿದಾಗ ಅರ್ಥಮಾಡಿಕೊಳ್ಳಿ, ನೀವು ಆಡಬೇಡಿ. ಮೆಚ್ಚಿದರೆ ‘ಬ್ರಿಲಿಯಂಟ್’ ಅನ್ನಿ. ಬೆರೆಯಲೇಬೇಕೆಂದಿದ್ದರೆ, ಚಹಾ ಮಾಡಿಕೊಳ್ಳಲು ಏಳುವಾಗ ಸುತ್ತ ಕುಳಿತವರನ್ನೆಲ್ಲ ‘ನಿಮಗೂ ಬೇಕೇ’ ಎಂದು ಕೇಳಿ, ಯಾರಿಗೆ ಹಾಲು ಎಷ್ಟು ಬೇಕೆಂದು ನೆನಪಿಟ್ಟುಕೊಳ್ಳಿ.